ಸಂಚಾರಿ ದೂರವಾಣಿ ಸಂಸ್ಥೆಗಳ ವಿಲೀನ: ಗ್ರಾಹಕರು ತಿಳಿದಿರಬೇಕಾದ ಸಂಗತಿಗಳು

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದರು. ನಮ್ಮ ದೇಶದ ಸಂಚಾರಿ ದೂರವಾಣಿಯ ಇತಿಹಾಸ ಆ ಕರೆಯಿಂದ ಮೊದಲಾಗುತ್ತದೆ. ಕರೆ ಮಾಡಿದವರಷ್ಟೇ ಅಲ್ಲದೆ ಸ್ವೀಕರಿಸಿದವರೂ ಹಣ ತೆರಬೇಕಾಗಿದ್ದ ಕಾಲವದು. ಪರವಾನಗಿಗಳನ್ನು ವಲಯವಾರು ನೀಡಲಾದ ಕಾರಣ ಒಂದೊಂದು ಪ್ರದೇಶದಲ್ಲಿ ಒಂದೊಂದು ಸಂಸ್ಥೆ ತಲೆಯೆತ್ತಿತು. ಇಂದು ದೇಶದಲ್ಲಿ 22 ಸೇವಾ ವಲಯಗಳಿವೆ. ಮುಂಬಯಿ ಒಂದು ವಲಯ. ಪುಣೆ, ಸೊಲ್ಲಾಪುರಗಳನ್ನು ಒಳಗೊಂಡ ಮಹಾರಾಷ್ಟ್ರ ಮತ್ತು ಗೋವಾ ಬೇರೆಯೇ ವಲಯ. ವಿಲೀನದ ಲಾಭನಷ್ಟಗಳನ್ನು ಅಳೆಯುವಾಗ ಈ ವಲಯ ವಿಭಾಗವನ್ನು ನೆನಪಿನಲ್ಲಿಡುವುದು ಅಗತ್ಯ.

ಕರ್ನಾಟಕದ ಮೊದಲ ಖಾಸಗಿ ಸೇವೆಗಳಲ್ಲಿ ಒಂದಾಗಿದ್ದ ಸ್ಪೈಸ್ 2008ರಲ್ಲಿ ಐಡಿಯಾದ ಪಾಲಾಯಿತು. ಆದರೆ ವಿಲೀನಗಳಿಗೆ ನಿಜವಾದ ವೇಗ ಬಂದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಉಚಿತ ಕರೆಗಳೊಂದಿಗೆ ಕಾಲಿಟ್ಟ ಮೇಲೆ. 2018ರಲ್ಲಿ ಟೆಲಿನಾರ್ ಸಂಸ್ಥೆಯ ಭಾರತದ ವ್ಯವಹಾರವು ಏರ್‌ಟೆಲ್‌ನಲ್ಲಿ ಸೇರಿತು. ಅದೇ ವರ್ಷದ ಆಗಸ್ಟ್ 31ರಂದು ವೊಡಾಫೋನ್ ಮತ್ತು ಐಡಿಯಾ ಒಂದಾದವು. 2019ರಲ್ಲಿ ಟಾಟಾ ಸಂಸ್ಥೆಯ ಸಂಚಾರಿ ಸೇವೆಯೂ ಏರ್‌ಟೆಲ್‌ಗೆ ಹೋಯಿತು. ಈಗ ಉಳಿದಿರುವುದು ಮೂರು ಖಾಸಗಿ ಸಂಸ್ಥೆಗಳು ಮತ್ತು ಸರ್ಕಾರಿ ಸ್ವಾಮ್ಯದ ಸೇವೆ.

ವಿಲೀನವಾದರೆ ಎರಡೂ ಸಂಸ್ಥೆಗಳ ಗೋಪುರಗಳು ಕೂಡಿ ಇಮ್ಮಡಿಯಾಗುವುವೆಂದು ಅನೇಕರು ಭಾವಿಸುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ಒಂದೇ ಬೀದಿಯಲ್ಲಿ ಎರಡೂ ಸಂಸ್ಥೆಗಳ ಉಪಕರಣಗಳಿದ್ದರೆ ಒಂದನ್ನು ಕಳಚಲಾಗುತ್ತದೆ, ಏಕೆಂದರೆ ಬಾಡಿಗೆ ಮತ್ತು ವಿದ್ಯುತ್ ವೆಚ್ಚದ ಉಳಿತಾಯವೇ ವಿಲೀನದ ಮುಖ್ಯ ಉದ್ದೇಶಗಳಲ್ಲಿ ಒಂದು. ನಿಜವಾಗಿ ಕೂಡಿಕೊಳ್ಳುವುದು ತರಂಗಾಂತರಗಳು. ರಸ್ತೆಯ ಅಗಲ ಹೆಚ್ಚಿದರೆ ವಾಹನಗಳ ಇಕ್ಕಟ್ಟು ಕಡಿಮೆಯಾಗುವಂತೆ, ಒಂದೇ ಗೋಪುರದಿಂದ ಹೆಚ್ಚು ತರಂಗಾಂತರ ಬಳಸಿದಾಗ ಜನನಿಬಿಡ ಪ್ರದೇಶಗಳಲ್ಲಿ ಸಂಪರ್ಕ ಸುಧಾರಿಸುತ್ತದೆ. ಇದರಲ್ಲಿಯೂ ಭೇದವಿದೆ. 900 ಮೆಗಾಹರ್ಟ್ಸ್‌ನಂತಹ ಕೆಳ ಶ್ರೇಣಿಯ ತರಂಗಗಳು ದೂರ ಸಾಗುತ್ತವೆ, ಗೋಡೆಗಳನ್ನೂ ದಾಟುತ್ತವೆ. 2300 ಮೆಗಾಹರ್ಟ್ಸ್‌ನ ತರಂಗಗಳು ಹೆಚ್ಚು ಮಾಹಿತಿ ಹೊರಬಲ್ಲವಾದರೂ ಅಷ್ಟು ದೂರ ಹೋಗಲಾರವು. ಆದುದರಿಂದ ಯಾವ ವಲಯದಲ್ಲಿ ಯಾವ ಸಂಸ್ಥೆಯ ಬಳಿ ಯಾವ ಶ್ರೇಣಿಯಿತ್ತು ಎಂಬುದರ ಮೇಲೆ ಫಲ ನಿಂತಿರುತ್ತದೆ.

ವೊಡಾಫೋನ್ ಮುಂಬಯಿಯಲ್ಲಿ ಪ್ರಬಲವಾಗಿತ್ತು, ಐಡಿಯಾ ಮಹಾರಾಷ್ಟ್ರ ಮತ್ತು ಗೋವಾ ವಲಯದಲ್ಲಿ. ಹೀಗೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವಲ್ಲಿ ಪ್ರಯೋಜನ ಸ್ಪಷ್ಟ. ಇಬ್ಬರೂ ಇಲ್ಲದಿದ್ದ ಹಳ್ಳಿಗೆ ಮಾತ್ರ ವಿಲೀನದಿಂದ ಏನೂ ಬರುವುದಿಲ್ಲ. ಸೊನ್ನೆಗೆ ಸೊನ್ನೆ ಕೂಡಿದರೆ ಸೊನ್ನೆಯೇ. ಜೋಡಣೆಯ ತಿಂಗಳುಗಳಲ್ಲಿ ಉಪಕರಣಗಳ ಸ್ಥಳಾಂತರ ನಡೆಯುವುದರಿಂದ ಮೊದಲು ಚೆನ್ನಾಗಿದ್ದ ಕಡೆಯೂ ಕರೆಗಳು ತುಂಡಾಗುವ ಸಂಭವವುಂಟು. (ವಿಲೀನವೆಂದರೆ ಕರಗಿ ಒಂದಾಗುವುದು, ನೀರಿನಲ್ಲಿ ಸಕ್ಕರೆಗೆ ಒಪ್ಪುವ ಈ ಪದ ಕಬ್ಬಿಣದ ಗೋಪುರಗಳಿಗೆ ಅಷ್ಟಾಗಿ ಒಪ್ಪದು.)

ದರಗಳ ವಿಷಯ ಇನ್ನಷ್ಟು ಸೂಕ್ಷ್ಮವಾದುದು. ವಿಲೀನವಾದ ಮರುದಿನವೇ ದರ ಏರುವುದಿಲ್ಲ. 2018ರ ನಂತರವೂ ಪೈಪೋಟಿ ಮುಂದುವರಿದುದರಿಂದ ದರಗಳು ಕೆಳಮಟ್ಟದಲ್ಲಿಯೇ ಇದ್ದವು. 2019ರ ಡಿಸೆಂಬರ್‌ನಲ್ಲಿ ಮೊದಲ ದೊಡ್ಡ ಏರಿಕೆಯಾಯಿತು, 2021ರ ಕೊನೆಯಲ್ಲಿ ಎರಡನೆಯದು, 2024ರಲ್ಲಿ ಮೂರನೆಯದು. ಇದಕ್ಕೆಲ್ಲ ವಿಲೀನವೊಂದೇ ಕಾರಣವೆನ್ನುವುದು ನ್ಯಾಯವಾಗದು. ವೆಚ್ಚಕ್ಕಿಂತ ಅಗ್ಗವಾಗಿ ಸೇವೆ ಮಾರಿದ ವರ್ಷಗಳ ಸಾಲವಿತ್ತು. ಸರ್ಕಾರಕ್ಕೆ ಸಲ್ಲಬೇಕಾದ ಬಾಕಿಯ ಬಗ್ಗೆ 2019ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪಿನ ಭಾರವೂ ಇತ್ತು. ಆದರೆ 2024ರಲ್ಲಿ ಮೂರು ಖಾಸಗಿ ಸಂಸ್ಥೆಗಳ ಹೊಸ ದರಗಳೂ ಜುಲೈ 3 ಮತ್ತು 4ರಂದು, ಒಂದು ದಿನದ ಅಂತರದಲ್ಲಿ ಜಾರಿಗೆ ಬಂದುದನ್ನು ಗಮನಿಸಬೇಕು. ಹತ್ತು ಅಂಗಡಿಗಳಿರುವ ಸಂತೆಯಲ್ಲಿ ಹೀಗೆ ನಡೆಯುವುದು ಕಷ್ಟ. ಆಗ ದರ ಏರಿಸದಿದ್ದ ಬಿಎಸ್‌ಎನ್‌ಎಲ್‌ನತ್ತ ಮುಂದಿನ ಕೆಲವು ತಿಂಗಳು ಲಕ್ಷಾಂತರ ಗ್ರಾಹಕರು ಹೊರಳಿದರು. ಇನ್ನೊಂದು ಆಯ್ಕೆ ಇರುವುದರ ಬೆಲೆ ಇದರಿಂದ ತಿಳಿಯುತ್ತದೆ. ವೊಡಾಫೋನ್ ಐಡಿಯಾದ ಬಾಕಿಯಲ್ಲಿ ಒಂದು ಭಾಗವನ್ನು ಕೇಂದ್ರ ಸರ್ಕಾರವು 2023 ಮತ್ತು 2025ರಲ್ಲಿ ಷೇರುಗಳಾಗಿ ಪರಿವರ್ತಿಸಿ ಸುಮಾರು ಶೇಕಡಾ 49ರಷ್ಟು ಪಾಲು ಪಡೆದದ್ದನ್ನೂ, ಮೂರು ಸಂಸ್ಥೆಗಳು ಎರಡಾಗದಿರುವ ಹಿನ್ನೆಲೆಯಲ್ಲಿ ನೋಡಬಹುದು.

ವಿಲೀನಕ್ಕೂ ಮುಚ್ಚುಗಡೆಗೂ ಇರುವ ವ್ಯತ್ಯಾಸವನ್ನು ಗ್ರಾಹಕರು ಚೆನ್ನಾಗಿ ತಿಳಿದಿರಬೇಕು. ವಿಲೀನದಲ್ಲಿ ಸಂಖ್ಯೆ, ಸಿಮ್ ಮತ್ತು ಮುಂಗಡ ಹಣ ಹೊಸ ಸಂಸ್ಥೆಗೆ ತಾವಾಗಿಯೇ ವರ್ಗವಾಗುತ್ತವೆ. ಗ್ರಾಹಕರು ಅರ್ಜಿ ಹಾಕಬೇಕಿಲ್ಲ. 2018ರಲ್ಲಿ ಏರ್‌ಸೆಲ್ ದಿವಾಳಿಯಾದಾಗ ಹೀಗಾಗಲಿಲ್ಲ. ತಮಿಳುನಾಡಿನಲ್ಲಿ ಆ ಫೆಬ್ರವರಿಯಲ್ಲಿ ಸಂಪರ್ಕವೇ ಕಡಿದು, ಸಂಖ್ಯೆ ಉಳಿಸಿಕೊಳ್ಳಲು ಜನ ಪರದಾಡಿದರು. ಬ್ಯಾಂಕು, ಅಡುಗೆ ಅನಿಲ, ಆಧಾರ್ ಎಲ್ಲವೂ ಆ ಹತ್ತು ಅಂಕಿಗಳಿಗೆ ಕಟ್ಟುಬಿದ್ದಿರುವಾಗ ಸಂಖ್ಯೆ ಕಳೆದುಕೊಳ್ಳುವುದೆಂದರೆ ವಿಳಾಸ ಕಳೆದುಕೊಂಡಂತೆ.

ಸೇವೆ ತೃಪ್ತಿ ನೀಡದಿದ್ದಲ್ಲಿ ಸಂಖ್ಯೆ ಬದಲಿಸದೆ ಸಂಸ್ಥೆ ಬದಲಿಸುವ ಹಕ್ಕು 2011ರ ಜನವರಿ 20ರಿಂದ ದೇಶದಾದ್ಯಂತ ಇದೆ. 2015ರ ಜುಲೈನಿಂದ ಒಂದು ವಲಯದಿಂದ ಇನ್ನೊಂದು ವಲಯಕ್ಕೂ ಸಂಖ್ಯೆಯನ್ನು ಒಯ್ಯಬಹುದು. ಬೆಂಗಳೂರಿನ ಸಂಖ್ಯೆಯನ್ನು ದೆಹಲಿಯಲ್ಲಿ ಕಾಯಂ ಮಾಡಿಕೊಳ್ಳಲು ಅಡ್ಡಿಯಿಲ್ಲ. ಆಂಗ್ಲ ಅಕ್ಷರಗಳಲ್ಲಿ ಪೋರ್ಟ್ ಎಂದು ಬರೆದು, ಒಂದಕ್ಷರದಷ್ಟು ಜಾಗ ಬಿಟ್ಟು ತಮ್ಮ ಸಂಖ್ಯೆಯನ್ನು ಸೇರಿಸಿ 1900ಕ್ಕೆ ಸಂದೇಶ ಕಳುಹಿಸಿದರೆ ಸಂಕೇತವೊಂದು ಬರುತ್ತದೆ. ಹೆಚ್ಚಿನ ವಲಯಗಳಲ್ಲಿ ಅದರ ಆಯುಸ್ಸು ನಾಲ್ಕು ದಿನ. ಈಗಿನ ಸಂಸ್ಥೆಯಲ್ಲಿ 90 ದಿನ ಕಳೆದಿರಬೇಕು, ಬಿಲ್ಲಿನ ಬಾಕಿ ಇರಕೂಡದು. ವಲಯದೊಳಗೆ ಮೂರು, ವಲಯಾಂತರಕ್ಕೆ ಐದು ಕೆಲಸದ ದಿನಗಳಲ್ಲಿ ಬದಲಾವಣೆ ಮುಗಿಯುತ್ತದೆ. ಇಲ್ಲಿ ಮುಂಗಡ ಹಣ ಮಾತ್ರ ಜೊತೆಗೆ ಬರುವುದಿಲ್ಲ. ಅದನ್ನು ಮೊದಲೇ ಖರ್ಚು ಮಾಡಿಬಿಡುವುದು ಲೇಸು.

ಹೊಸ ಸಂಸ್ಥೆಯ ಸಂಪರ್ಕ ತಮ್ಮ ಮನೆಗೆ ಸಿಗುವುದೇ ಎಂಬುದನ್ನು ಈಗ ಮೊದಲೇ ನೋಡಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರಲ್ಲಿ ಹೊರಡಿಸಿದ ನಿಯಮಗಳಂತೆ ಪ್ರತಿ ಸಂಸ್ಥೆಯೂ ತನ್ನ ಸೇವಾ ವ್ಯಾಪ್ತಿಯ ನಕ್ಷೆಯನ್ನು ಅಂತರಜಾಲ ತಾಣದಲ್ಲಿ ಪ್ರಕಟಿಸಬೇಕು. ಊರಿನಲ್ಲಿರುವ ತಂದೆತಾಯಿಯರ ಸಂಖ್ಯೆಯನ್ನು ಬದಲಿಸುವವರು ತಾವಿರುವ ನಗರದ ನಕ್ಷೆಯನ್ನಲ್ಲ, ಆ ಊರಿನ ನಕ್ಷೆಯನ್ನು ನೋಡಬೇಕು. ಸಾಧ್ಯವಾದರೆ ನೆರೆಮನೆಯವರನ್ನೂ ಕೇಳಬೇಕು. ಅಂತರಜಾಲ ಬಳಸದ ಹಿರಿಯರಿಗಾಗಿ ಕರೆ ಮತ್ತು ಸಂದೇಶಗಳಷ್ಟೇ ಇರುವ ರೀಚಾರ್ಜ್ ಯೋಜನೆಗಳನ್ನು ಸಂಸ್ಥೆಗಳು ಕಡ್ಡಾಯವಾಗಿ ನೀಡಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ವಿಧಿಸಿದೆ. ಅಂಗಡಿಯವರು ತಾವಾಗಿ ಹೇಳದಿದ್ದರೆ ಕೇಳಿ ಪಡೆಯಬೇಕು.