ಇಂದಿನ ಧಮ್ಮ ಚಿಂತನೆ: ತೆಪ್ಪಕ್ಕೆ ಎಂಥ ಹಗ್ಗ?





ಹೋದ ಭಾನುವಾರ ಗೊರೇಬಾಳದ ನಮ್ಮ ಅಧ್ಯಯನ ಬಳಗದಲ್ಲಿ ತ್ರಿಶರಣ, ಪಂಚಶೀಲ ಮುಗಿದ ಮೇಲೆ ಕಾಲೇಜಿಗೆ ಹೋಗುವ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸರ್, ಕಟ್ಟು ಬಿಚ್ಚಿಕೊಳ್ಳಾಕಂತ ನಾವು ದೀಕ್ಷಾ ತಗೊಂಡ್ವಿ. ಮತ್ತ ಪಂಚಶೀಲ ಅಂತ ಇನ್ನೊಂದು ಕಟ್ಟು ಯಾಕ ಹಾಕ್ಕೋಬೇಕು?”

ಒಳ್ಳೆಯ ಪ್ರಶ್ನೆ. ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. “ವಿಚಾರ ಮಾಡಿ ಹೇಳ್ತೀನಿ” ಅಂದೆ. ಉತ್ತರ ಸಿಕ್ಕಿದ್ದು ಎರಡು ದಿನದ ನಂತರ, ಕೃಷ್ಣಾ ನದಿಯ ದಂಡೆಯಲ್ಲಿ.

ಲಿಂಗಸುಗೂರು ತಾಲ್ಲೂಕಿನ ಜಲದುರ್ಗದ ಕಡೆ ಕೃಷ್ಣೆಯ ನಡುವೆ ನಡುಗಡ್ಡೆಗಳಿರುವುದು ನಿಮಗೆ ಗೊತ್ತು. ಮೇಲ್ಗಡೆ ನಾರಾಯಣಪುರದ ಬಸವಸಾಗರ ಜಲಾಶಯ. ಅಲ್ಲಿ ಗೇಟು ತೆರೆದರೆ ಇಲ್ಲಿ ನೀರು ಏರುತ್ತದೆ. ನಾನು ಸಂಬಂಧಿಕರನ್ನು ನೋಡಲು ಆ ಕಡೆ ಹೋಗಿದ್ದೆ. ದಂಡೆಯ ಮೇಲೆ ವಯಸ್ಸಾದ ಅಂಬಿಗರೊಬ್ಬರು ತೆಪ್ಪದ ಹಳೆಯ ಹಗ್ಗ ಬಿಚ್ಚಿ ಹೊಸದು ಕಟ್ಟುತ್ತಿದ್ದರು. ಹಳೆಯದು ನೋಡಲು ಚೆನ್ನಾಗಿಯೇ ಇತ್ತು. “ಕಾಕಾ, ಇದನ್ನ ಯಾಕ ತೆಗೀತೀರಿ?” ಅಂದೆ.

ಅವರು ಹಗ್ಗವನ್ನು ಬಗ್ಗಿಸಿ ತೋರಿಸಿದರು. ಎಳೆಗಳ ಪುಡಿ ಕೈಗೆ ಹತ್ತಿತು. “ಮಾಸ್ತರ, ಇದು ಪ್ಲಾಸ್ಟಿಕ್ ಹಗ್ಗ. ಸೋವಿ, ನೀರಾಗ ತೇಲತೈತಿ. ಆದ್ರ ಬಿಸಿಲು ಇದನ್ನ ಒಳಗಿಂದೊಳಗ ತಿಂತೈತಿ. ಕಣ್ಣಿಗೆ ಕಾಣಂಗಿಲ್ಲ, ಹೊಳಿ ಬಂದಾಗ ಗೊತ್ತಾಗತೈತಿ.”

ಆಮೇಲೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಪುಂಡಿ ನಾರಿನ ಹಗ್ಗ ಎತ್ತಿಗೆ ಸರಿ, ನೀರಿನಲ್ಲಿ ಬೇಗ ಕೊಳೆಯುತ್ತದೆ. ತೆಂಗಿನ ನಾರಿನ ಹಗ್ಗ ನೀರನ್ನು ತಾಳುತ್ತದೆ, ಆದರೆ ಅಷ್ಟು ಬಲವಿಲ್ಲ, ದಪ್ಪ ಬೇಕು. ಕಟ್ಟುವುದಕ್ಕೆ ನೈಲಾನ್ ಒಳ್ಳೆಯದು, ಯಾಕೆಂದರೆ ಅದು ಹಿಗ್ಗುತ್ತದೆ. ನೀರು ಜಗ್ಗಿದಾಗ ಹಗ್ಗ ಸ್ವಲ್ಪ ಹಿಗ್ಗಿದರೆ ಪೆಟ್ಟನ್ನು ತಾನು ನುಂಗಿಕೊಳ್ಳುತ್ತದೆ. ಹಿಗ್ಗದ ಹಗ್ಗವಾದರೆ ಪೆಟ್ಟು ನೇರವಾಗಿ ಗೂಟಕ್ಕೂ ತೆಪ್ಪಕ್ಕೂ ಬೀಳುತ್ತದೆ. ಕಡಲಿನ ದೋಣಿಗಳವರಲ್ಲೂ ಇದೇ ರೂಢಿ. ದೋಣಿಯ ಉದ್ದದ ಪ್ರತಿ 9 ಅಡಿಗೆ ಹಗ್ಗದ ದಪ್ಪ ಸುಮಾರು 3 ಮಿಲಿಮೀಟರ್ ಎಂಬುದು ಅವರ ಅಂದಾಜು ಲೆಕ್ಕ.

ಹಗ್ಗ ಆರಿಸಿದರೆ ಮುಗಿಯಲಿಲ್ಲ, ಕಟ್ಟುವುದನ್ನೂ ಕಲಿಯಬೇಕು. ತೀರ ಬಿಗಿಯಾಗಿ ಕಟ್ಟಿದರೆ ನೀರು ಏರಿದಾಗ ತೆಪ್ಪ ಏರಲಾರದೆ ವಾಲಿ ಮುಳುಗುತ್ತದೆ. ತೀರ ಸಡಿಲ ಬಿಟ್ಟರೆ ಬಂಡೆಗೆ ಬಡಿದು ಹರಿಯುತ್ತದೆ. ಹಗ್ಗ ಕಲ್ಲಿಗೆ ಉಜ್ಜುವ ಕಡೆ ಹಳೆಯ ಸೈಕಲ್ ಟ್ಯೂಬ್ ಸುತ್ತಬೇಕು. ಗಂಟು ಜಾರಬಾರದು, ಆದರೆ ಬೇಕೆಂದಾಗ ಬರಿಗೈಯಲ್ಲಿ ಬಿಚ್ಚಲು ಬರಬೇಕು. ಕೊನೆಗೆ ಅವರು ಅಂದರು: “ಬಿಚ್ಚಾಕ ಬರಲಾರದ ಗಂಟು ಅಂಬಿಗಂದಲ್ಲ ಮಾಸ್ತರ, ಅದು ಕಟುಕಂದು.”

ಬಂಧುಗಳೇ, ಆ ಮಾತು ಕೇಳಿ ನನಗೆ ನನ್ನ ಮುತ್ಯಾ ನೆನಪಾದ. ಮುತ್ಯಾ ತೊಗಲು ಹದ ಮಾಡಿ ಮಿಣಿ ಹೊಸೆಯುತ್ತಿದ್ದ. ಗೌಡರ ಬಾವಿಯಿಂದ ಎತ್ತುಗಳು ನೀರು ಸೇದುತ್ತಿದ್ದುದು ಅವನ ಮಿಣಿಯಿಂದ. ಮಿಣಿ ಮುಟ್ಟಿದರೆ ಮೈಲಿಗೆ ಇರಲಿಲ್ಲ, ಅದನ್ನು ಹೊಸೆದವನು ಬಾವಿ ಮುಟ್ಟಿದರೆ ಮೈಲಿಗೆ. ಹಿಂದಿನ ಕಾಲದಲ್ಲಿ ಹರಿಗೋಲಿಗೂ ತೊಗಲನ್ನೇ ಹೊದಿಸುತ್ತಿದ್ದರು. ನಮ್ಮವರ ಕೈ ಊರನ್ನೇ ಹೊಳೆ ದಾಟಿಸಿತು, ನಮ್ಮವರು ಮಾತ್ರ ಈಚೆ ದಂಡೆಯಲ್ಲೇ ಉಳಿದರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ್ದು ಈ ಕಟ್ಟನ್ನು ಬಿಚ್ಚಲಿಕ್ಕಾಗಿ.

ಜಾತಿಯ ಕಟ್ಟು ಎಂಥದ್ದು ನೋಡಿ. ಅದನ್ನು ನಾವು ಆರಿಸಿಕೊಂಡದ್ದಲ್ಲ, ಬೇರೆಯವರು ಕಟ್ಟಿದ್ದು. ಎಷ್ಟು ನೀರು ಬಂದರೂ ಅದು ನಮ್ಮನ್ನು ಏರಗೊಡದು. ಅದರ ಗಂಟು ಬಿಚ್ಚುವ ಹಕ್ಕೂ ನಮಗಿರಲಿಲ್ಲ. ಅದು ಮುಳುಗಿಸುವ ಹಗ್ಗ.

ಪಂಚಶೀಲ ಹಾಗಲ್ಲ. ಅದನ್ನು ಯಾರೂ ನಮ್ಮ ಕೊರಳಿಗೆ ಹಾಕುವುದಿಲ್ಲ. “ಸಮಾದಿಯಾಮಿ”, ಅಂದರೆ ನಾನಾಗಿ ಸ್ವೀಕರಿಸುತ್ತೇನೆ ಎಂದು ನಾವೇ ಹೇಳುತ್ತೇವೆ. ಹುಟ್ಟು, ಕುಲ ಅದಕ್ಕೆ ಬೇಡ. ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ್ದೂ ಅದನ್ನೇ: ದೊಡ್ಡವರಿಗೆ ಮಾತ್ರ ಇದು ಸಾಧ್ಯ ಅಂದುಕೊಳ್ಳಬೇಡಿ, ಧಮ್ಮದಲ್ಲಿ ನಡೆದರೆ ಸಣ್ಣವನೂ ಆ ಗುರಿ ಮುಟ್ಟಬಲ್ಲ ಎಂಬುದು ಅದರ ತಾತ್ಪರ್ಯ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ಮತ್ತೊಮ್ಮೆ ಓದಿ. ಮೊದಲಿನವು ಹಳೆಯ ಕಟ್ಟು ಬಿಚ್ಚುತ್ತವೆ. ಮುಂದೆ ಕದಿಯುವುದಿಲ್ಲ, ಸುಳ್ಳಾಡುವುದಿಲ್ಲ, ಕುಡಿಯುವುದಿಲ್ಲ ಎಂಬವು ಬರುತ್ತವೆ. ಬಿಚ್ಚಿದ ತೆಪ್ಪವನ್ನು ಅವರು ಹೊಳೆಗೆ ಬಿಡಲಿಲ್ಲ, ಒಳ್ಳೆಯ ಹಗ್ಗ ಕೊಟ್ಟೇ ಹೋದರು.

ಇದನ್ನು ಬರೆಯಲು ನನಗೆ ನಾಚಿಕೆಯಿದೆ, ಆದರೂ ಬರೆಯುತ್ತೇನೆ. ದೀಕ್ಷೆ ತೆಗೆದುಕೊಂಡ ವಾರದಲ್ಲೇ ನಾನು ಮನೆಯ ದೇವರ ಜಗಲಿ ತೆಗೆದೆ. ಬಾಟಲಿ ತೆಗೆಯಲು ನಾಲ್ಕು ವರ್ಷ ಬೇಕಾಯಿತು. ಒಂದು ರಾತ್ರಿ ನನ್ನ ಹೆಂಡತಿ ಅಂದಳು: “ದೇವರನ್ನ ಒಂದು ದಿನದಾಗ ಬಿಟ್ರಿ. ಇದನ್ನ ಯಾವಾಗ ಬಿಡ್ತೀರಿ?” ಅಂದು ನಾನು ಬಿಡುಗಡೆಯಾದವನಲ್ಲ, ಬಿಚ್ಚಿಕೊಂಡು ತೇಲುತ್ತಿದ್ದವನು. ಎರಡೂ ಒಂದೇ ಅಲ್ಲ.

ಸಂಯುತ್ತ ನಿಕಾಯದಲ್ಲಿ ಬುದ್ಧರು ಹಡಗಿನ ಉಪಮೆಯೊಂದನ್ನು ಹೇಳುತ್ತಾರೆ. ಬೆತ್ತದ ಕಟ್ಟುಗಳಿಂದ ಬಿಗಿದ ಹಡಗು ಆರು ತಿಂಗಳು ನೀರಿನಲ್ಲಿದ್ದು ಚಳಿಗಾಲಕ್ಕೆ ದಡ ಸೇರುತ್ತದೆ. ಗಾಳಿ, ಬಿಸಿಲಿಗೆ ಒಣಗಿ, ಮಳೆಗೆ ನೆನೆದು ಆ ಕಟ್ಟುಗಳು ಸುಲಭವಾಗಿ ಸಡಿಲವಾಗಿ ಕೊಳೆತುಹೋಗುತ್ತವೆ. ದಿನವೂ ಭಾವನೆ ಮಾಡುವವರ ಸಂಯೋಜನಗಳೂ ಹಾಗೆಯೇ ಕಳಚುತ್ತವೆ. ಇಲ್ಲಿ ಭಾವನೆ ಅಂದರೆ ಧ್ಯಾನದ ಅಭ್ಯಾಸ, ಸಂಯೋಜನ ಅಂದರೆ ಮನಸ್ಸಿನ ಬಂಧನ. ಇದರಿಂದ ನಮಗೆ ಧೈರ್ಯ ಬರಬೇಕು, ಕೆಟ್ಟ ಕಟ್ಟು ದಿನದಿನದ ಅಭ್ಯಾಸದಿಂದ ಕೊಳೆಯುತ್ತದೆ. ಎಚ್ಚರಿಕೆಯೂ ಇರಲಿ, ನೋಡಿಕೊಳ್ಳದಿದ್ದರೆ ಒಳ್ಳೆಯ ಹಗ್ಗವೂ ಬಿಸಿಲಿಗೆ ಪುಡಿಯಾಗುತ್ತದೆ. ಬಾಯಿಪಾಠದ ಪಂಚಶೀಲ ಆ ಪ್ಲಾಸ್ಟಿಕ್ ಹಗ್ಗದ ಹಾಗೆ, ನೋಡಲು ಚೆಂದ.

ಶೀಲವನ್ನೂ ಹಿಗ್ಗುವ ಹಾಗೆ ಕಟ್ಟಿಕೊಳ್ಳೋಣ. ಒಬ್ಬರು ಒಮ್ಮೆ ತಪ್ಪಿದರೆ ಬಳಗದಿಂದ ದೂಡಬೇಡಿ. ಎಳೆದು ಮತ್ತೆ ದಂಡೆಗೆ ತರುವುದಕ್ಕೇ ಹಗ್ಗ ಇರುವುದು. ನನ್ನನ್ನೂ ನೀವು ಹಾಗೇ ತಂದಿರಿ.

ಇಂದಿನ ಅಭ್ಯಾಸ: ರಾತ್ರಿ ಮಲಗುವ ಮುನ್ನ ಐದು ನಿಮಿಷ ಸುಮ್ಮನೆ ಕುಳಿತು ಐದು ಶೀಲಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಯಾವ ಎಳೆ ಪುಡಿಯಾಗುತ್ತಿದೆ? ಎಲ್ಲಿ ಕಲ್ಲಿಗೆ ಉಜ್ಜುತ್ತಿದೆ? ನಾಳೆ ಅದೊಂದನ್ನು ಮಾತ್ರ ಸರಿಮಾಡಿ.

ಪ್ರಶ್ನೆ ಕೇಳಿದ ಹುಡುಗನಿಗೆ ನನ್ನ ಉತ್ತರ ಇಷ್ಟೇ ತಮ್ಮಾ: ಬಿಚ್ಚಬೇಕಾದ ಹಗ್ಗ ಬೇರೆ, ಕಟ್ಟಿಕೊಳ್ಳಬೇಕಾದ ಹಗ್ಗ ಬೇರೆ. ನೀರು ಏರಿದಾಗ ನಿನ್ನನ್ನು ಏರಗೊಡುವುದು ಯಾವುದು ಅಂತ ನೋಡು.

ಭವತು ಸಬ್ಬ ಮಂಗಲಂ. ಜೈ ಭೀಮ್.