ಶ್ರಮಯೋಗಿ ಪಿಂಚಣಿ: ಒಟ್ಟು ವಂತಿಕೆಯನ್ನು ಲೆಕ್ಕ ಹಾಕುವ ಕ್ರಮ

ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಯೋಜನೆಯು ಅಸಂಘಟಿತ ಕಾರ್ಮಿಕರಿಗಾಗಿ 2019ರಲ್ಲಿ ಜಾರಿಗೆ ಬಂದ ಪಿಂಚಣಿ ಯೋಜನೆಯಾಗಿದೆ. ಚಂದಾದಾರರಿಗೆ 60 ವರ್ಷ ತುಂಬಿದ ನಂತರ ತಿಂಗಳಿಗೆ ಕನಿಷ್ಠ ರೂ. 3,000 ಪಿಂಚಣಿ ದೊರೆಯುತ್ತದೆ. ಬ್ಯಾಂಕ್ ಖಾತೆಯಿಂದ ಪ್ರತಿ ತಿಂಗಳು ಕಡಿತವಾಗುವ ಮೊತ್ತವೇ ಪೂರ್ಣ ವಂತಿಕೆ ಎಂದು ಕಾರ್ಮಿಕರು ಭಾವಿಸುವುದುಂಟು. ಆದರೆ ಅದು ವಂತಿಕೆಯ ಅರ್ಧ ಭಾಗ ಮಾತ್ರ. ಉಳಿದರ್ಧವನ್ನು ಕೇಂದ್ರ ಸರ್ಕಾರವು ಭರಿಸುತ್ತದೆ. ಈ ಅಂಶವು ಸ್ಪಷ್ಟವಾಗದಿದ್ದರೆ, ನಡುವೆ ಯೋಜನೆಯನ್ನು ತೊರೆಯುವುದರಿಂದ ಆಗುವ ನಷ್ಟವೂ ಕಾರ್ಮಿಕರ ಗಮನಕ್ಕೆ ಬಾರದು.

1. ಅರ್ಹತೆ
ಅರ್ಜಿದಾರರ ವಯಸ್ಸು 18ರಿಂದ 40 ವರ್ಷದೊಳಗಿರಬೇಕು. ಮಾಸಿಕ ಆದಾಯ ರೂ. 15,000 ಮೀರಿರಬಾರದು. ಭವಿಷ್ಯ ನಿಧಿ, ರಾಜ್ಯ ವಿಮಾ ಅಥವಾ ರಾಷ್ಟ್ರೀಯ ಪಿಂಚಣಿ ಯೋಜನೆಗೆ ಒಳಪಟ್ಟವರು ಹಾಗೂ ಆದಾಯ ತೆರಿಗೆ ಪಾವತಿಸುವವರು ಅರ್ಹರಲ್ಲ. ಸಾಮಾನ್ಯ ಸೇವಾ ಕೇಂದ್ರದಲ್ಲಿ ಆಧಾರ್ ಮತ್ತು ಉಳಿತಾಯ ಖಾತೆಯ ವಿವರ ನೀಡಿ ನೋಂದಾಯಿಸಿಕೊಳ್ಳಬೇಕು. ಮೊದಲ ತಿಂಗಳ ವಂತಿಕೆಯನ್ನು ನಗದಾಗಿ ಕಟ್ಟಬೇಕು; ನಂತರದ ಕಂತುಗಳು ಖಾತೆಯಿಂದ ತಾವಾಗಿಯೇ ಕಡಿತಗೊಳ್ಳುತ್ತವೆ.

2. ಲೆಕ್ಕದ ಕ್ರಮ
ಮಾಸಿಕ ವಂತಿಕೆಯು ಸೇರುವಾಗಿನ ವಯಸ್ಸಿನ ಮೇಲೆ ನಿಗದಿಯಾಗುತ್ತದೆ; ವಯಸ್ಸು ಹೆಚ್ಚಿದಂತೆ ಏರುವುದಿಲ್ಲ. 18ನೇ ವಯಸ್ಸಿನಲ್ಲಿ ಸೇರಿದವರಿಗೆ ರೂ. 55, 29ಕ್ಕೆ ರೂ. 100, 40ಕ್ಕೆ ರೂ. 200. ಈ ಮೊತ್ತವನ್ನು ಎರಡರಿಂದ ಗುಣಿಸಿದರೆ ತಿಂಗಳ ಒಟ್ಟು ವಂತಿಕೆ ದೊರೆಯುತ್ತದೆ. ಅದನ್ನು 60 ವರ್ಷ ತುಂಬಲು ಉಳಿದಿರುವ ತಿಂಗಳುಗಳ ಸಂಖ್ಯೆಯಿಂದ ಗುಣಿಸಿದರೆ ಪೂರ್ಣಾವಧಿಯ ಒಟ್ಟು ವಂತಿಕೆ ತಿಳಿಯುತ್ತದೆ.

ಉದಾಹರಣೆ: 29 ವರ್ಷ ತುಂಬಿದ ಕೂಡಲೇ ಕಟ್ಟಡ ಕಾರ್ಮಿಕ ಮಹಿಳೆಯೊಬ್ಬರು ಸೇರುತ್ತಾರೆ ಎಂದಿಟ್ಟುಕೊಳ್ಳೋಣ. ಉಳಿದ ಅವಧಿ 31 ವರ್ಷ, ಅಂದರೆ 372 ತಿಂಗಳು. ಅವರ ಪಾಲು ರೂ. 37,200; ಸರ್ಕಾರದ ಪಾಲೂ ಅಷ್ಟೇ; ಒಟ್ಟು ರೂ. 74,400. ಪಿಂಚಣಿ ಆರಂಭವಾದ 13 ತಿಂಗಳಲ್ಲಿ ಅವರು ತಾವು ಕಟ್ಟಿದ್ದಕ್ಕಿಂತ ಹೆಚ್ಚಿನ ಹಣ ಪಡೆದಿರುತ್ತಾರೆ.

3. ನಡುವೆ ತೊರೆದರೆ
ಅದೇ ಮಹಿಳೆಯು ಆರು ವರ್ಷಕ್ಕೆ ಯೋಜನೆ ತೊರೆದರೆ, ಆ ವೇಳೆಗೆ ಸಂದಾಯವಾದ ಒಟ್ಟು ವಂತಿಕೆ ರೂ. 14,400. ಅವರಿಗೆ ಮರಳುವುದು ಸ್ವಂತ ಪಾಲಾದ ರೂ. 7,200 ಹಾಗೂ ಅದರ ಮೇಲಿನ ಉಳಿತಾಯ ಖಾತೆಯ ಬಡ್ಡಿ ಮಾತ್ರ. ಹತ್ತು ವರ್ಷಗಳ ನಂತರ, 60ಕ್ಕೆ ಮುನ್ನ ತೊರೆದರೆ, ಸ್ವಂತ ಪಾಲಿನೊಂದಿಗೆ ನಿಧಿ ಗಳಿಸಿದ ಬಡ್ಡಿ ಅಥವಾ ಉಳಿತಾಯ ಖಾತೆಯ ಬಡ್ಡಿ, ಇವೆರಡರಲ್ಲಿ ಹೆಚ್ಚಿನದು ಸಲ್ಲುತ್ತದೆ. ಎರಡೂ ಸಂದರ್ಭಗಳಲ್ಲಿ ಸರ್ಕಾರದ ಪಾಲು ಚಂದಾದಾರರ ಕೈಸೇರುವುದಿಲ್ಲ.

4. ಕಂತು ತಪ್ಪಿದರೆ
ಕೆಲಸವಿಲ್ಲದ ತಿಂಗಳುಗಳಲ್ಲಿ ಖಾತೆಯಲ್ಲಿ ಹಣವಿಲ್ಲದೆ ಕಂತು ತಪ್ಪಬಹುದು. ಅಷ್ಟಕ್ಕೇ ಯೋಜನೆ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಬಾಕಿಯನ್ನು, ಸರ್ಕಾರ ನಿಗದಿಪಡಿಸಿದ ದಂಡವಿದ್ದಲ್ಲಿ ಅದರೊಂದಿಗೆ, ಪಾವತಿಸಿ ಮುಂದುವರಿಯಬಹುದು. ಚಂದಾದಾರರು 60ಕ್ಕೆ ಮುನ್ನ ಮೃತಪಟ್ಟರೆ ಪತಿ ಅಥವಾ ಪತ್ನಿಯು ವಂತಿಕೆ ಕಟ್ಟಿ ಮುಂದುವರಿಸಬಹುದು, ಇಲ್ಲವೇ ನಿಯಮದಂತೆ ಹೊರಬರಬಹುದು. ಪಿಂಚಣಿ ಪಡೆಯುತ್ತಿರುವಾಗ ಮೃತಪಟ್ಟರೆ ಪತಿ ಅಥವಾ ಪತ್ನಿಗೆ ಪಿಂಚಣಿಯ ಅರ್ಧ ಭಾಗ ಸಲ್ಲುತ್ತದೆ.

5. ಸದಸ್ಯರ ಕರ್ತವ್ಯ
ವಾರ್ಡ್ ಸಭೆ ಹಾಗೂ ಗ್ರಾಮ ಸಭೆಗಳಲ್ಲಿ ಸದಸ್ಯರು ಕಾರ್ಮಿಕರಿಗೆ ಮೂರು ಮೊತ್ತಗಳನ್ನು ಬಿಡಿಸಿ ಹೇಳತಕ್ಕದ್ದು: ಅವರು ಕಟ್ಟುವುದೆಷ್ಟು, ಸರ್ಕಾರ ಸೇರಿಸುವುದೆಷ್ಟು, ಇಂದೇ ತೊರೆದರೆ ಮರಳುವುದೆಷ್ಟು. ಕಷ್ಟದಲ್ಲಿ ಖಾತೆ ಮುಚ್ಚಲು ಹೊರಟವರಿಗೆ, ಬಾಕಿ ತುಂಬಿ ಮುಂದುವರಿಯುವ ಅವಕಾಶವಿದೆ ಎಂಬುದನ್ನು ಮೊದಲು ತಿಳಿಸತಕ್ಕದ್ದು.

ಅಭ್ಯಾಸ: 35 ವರ್ಷ ತುಂಬಿದ ಕೂಡಲೇ ಸೇರುವ ಕೃಷಿ ಕೂಲಿಕಾರರ ಮಾಸಿಕ ವಂತಿಕೆ ರೂ. 150. ಪೂರ್ಣಾವಧಿಯ ಒಟ್ಟು ವಂತಿಕೆ ಎಷ್ಟು?
ಉತ್ತರ: 300 ತಿಂಗಳಿಗೆ ಸ್ವಂತ ಪಾಲು ರೂ. 45,000; ಒಟ್ಟು ರೂ. 90,000.