ಗುಳಿಗೆ ನುಂಗುತ್ತಲೇ ಮತ್ತೆ ಕೆಲಸಕ್ಕೆ

ಜಠರ, ಸಣ್ಣಕರುಳಿನ ಗೋಡೆಯಲ್ಲಿ ಹುಟ್ಟುವ ಜಿಸ್ಟ್ ಅಪರೂಪದ ಕ್ಯಾನ್ಸರ್. ಗಡ್ಡೆ ತೆಗೆದ ಮೇಲೂ ಮರುಕಳಿಸುವ ಅಪಾಯ ಹೆಚ್ಚಿದ್ದವರು ಸಾಮಾನ್ಯವಾಗಿ ಮೂರು ವರ್ಷ, ದಿನಾ 400 ಮಿ.ಗ್ರಾಂ. ಇಮಾಟಿನಿಬ್ ಗುಳಿಗೆ ನುಂಗಬೇಕು. ಕೀಮೋ ಪಡೆದವರಂತೆ ತಲೆ ಬೋಳಾಗುವುದಿಲ್ಲ. ತೊಡಕು ಇರುವುದೇ ಅಲ್ಲಿ: ಕಚೇರಿಯವರ ಕಣ್ಣಿಗೆ ನೀವು ಹುಷಾರಾಗಿ ಬಂದವರು, ಚಿಕಿತ್ಸೆಯೋ ಇನ್ನೂ ನಡೆದಿದೆ.

ಮೊದಲು ಡಾಕ್ಟರ ಕಾಗದ. ‘ಕೆಲಸಕ್ಕೆ ಯೋಗ್ಯ’ ಎಂಬ ಒಂದೇ ಸಾಲಿನ ಫಿಟ್‌ನೆಸ್ ಸರ್ಟಿಫಿಕೇಟ್ ತಂದರೆ ತಲೆ ಮೇಲೆ ನೀವೇ ಚಪ್ಪಡಿ ಎಳೆದುಕೊಂಡಂತೆ. ಎಷ್ಟು ವಾರ ಭಾರ ಎತ್ತಬಾರದು, ರಾತ್ರಿ ಪಾಳಿ ಆದೀತೇ, ಸ್ಕ್ಯಾನ್ ಯಾವಾಗ ಎಂಬುದನ್ನೂ ಬರೆಸಿಕೊಳ್ಳಿ. ಈ ಗುಳಿಗೆಯಿಂದ ಕೆಲವರಿಗೆ ತಲೆಸುತ್ತು ಬರುತ್ತದೆ, ಕಣ್ಣು ಮಂಜಾಗುತ್ತದೆ. ಬಸ್ ಓಡಿಸುವವರು, ಲೇತ್ ಮುಂದೆ ನಿಲ್ಲುವವರು ತಮ್ಮ ಕೆಲಸ ಎಂಥದೆಂದು ಬಿಡಿಸಿ ಹೇಳಲೇಬೇಕು. ಡಾಕ್ಟರಿಗೆ ನಿಮ್ಮ ಹೊಟ್ಟೆ ಗೊತ್ತು, ನಿಮ್ಮ ಲೇತ್ ಗೊತ್ತಿಲ್ಲ.

ಸಂಬಳದ ಚಿಂತೆಗೆ ಬಿದ್ದು ಅವಸರಪಡುವ ಮುನ್ನ ರಜೆಯ ಲೆಕ್ಕ ನೋಡಿ. ಇಎಸ್‌ಐ ಇದ್ದವರಿಗೆ ವರ್ಷದಲ್ಲಿ 91 ದಿನದವರೆಗೆ ವೇತನದ ಶೇ. 70 ಸಿಗುತ್ತದೆ. ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ ಇದನ್ನು ಎರಡು ವರ್ಷದವರೆಗೆ, ಶೇ. 80ರ ದರದಲ್ಲಿ ವಿಸ್ತರಿಸಲು ಅವಕಾಶವಿದೆ, ಕೇಳುವವರೇ ಕಡಿಮೆ. ಈ ವಿಸ್ತರಣೆಗೆ ಎರಡು ವರ್ಷದ ಸತತ ಸೇವೆ, ಕನಿಷ್ಠ 156 ದಿನದ ವಂತಿಗೆ ಇರಬೇಕು.

ಎಚ್‌ಆರ್ ಮುಂದೆ ರೋಗದ ಕಥೆ ಬೇಡ, ಬೇಕಾದ್ದನ್ನು ಕೇಳಿ: ಮೊದಲ ತಿಂಗಳು ಅರ್ಧ ದಿನ, ಶೌಚಾಲಯಕ್ಕೆ ಹತ್ತಿರದ ಜಾಗ. ಒಪ್ಪಿದ್ದನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಸಹೋದ್ಯೋಗಿಗಳಿಗೆ, ‘ಹೊಟ್ಟೆಯಲ್ಲಿ ಗಡ್ಡೆ ಇತ್ತು, ತೆಗೆದಿದ್ದಾರೆ, ಮಾತ್ರೆ ನಡೀತಿದೆ’ ಅಂದರೆ ಸಾಕು. ಹೆಸರು ಹೇಳಿದರೋ, ಫೋನಿನಲ್ಲಿ ಹುಡುಕಿ ನಿಮಗಿಂತ ಮೊದಲು ಅವರೇ ಗಾಬರಿಯಾಗುತ್ತಾರೆ. ಜೊತೆಗೆ ಎಲೆರಸ, ಕಷಾಯದ ಸಲಹೆ ಬಂದೇ ಬರುತ್ತದೆ. ಕೆಲವು ಗಿಡಮೂಲಿಕೆಗಳು ಇಮಾಟಿನಿಬ್‌ಗೆ ಆಗಿಬರುವುದಿಲ್ಲ, ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಗುಳಿಗೆಯನ್ನು ಊಟ ಅಥವಾ ತಿಂಡಿಯ ಜೊತೆ, ದೊಡ್ಡ ಲೋಟದ ತುಂಬ ನೀರಿನೊಂದಿಗೆ ನುಂಗಬೇಕು. ಬೆಳಿಗ್ಗೆ ನುಂಗಿ ಬಸ್ ಹತ್ತಿದಾಗ ಹೊಟ್ಟೆ ತೊಳಸಿದರೆ, ರಾತ್ರಿ ಊಟಕ್ಕೆ ಬದಲಿಸಬಹುದೇ ಎಂದು ವಿಚಾರಿಸಿ. ಬೆಳಗ್ಗೆ ಕಣ್ಣಿನ ಸುತ್ತ ಊದಿಕೊಳ್ಳುವುದು, ಮೀನಖಂಡ ಹಿಡಿದುಕೊಳ್ಳುವುದು ಸಾಮಾನ್ಯ, ಹೆಚ್ಚಾದರೆ ತಿಳಿಸಿ. ನೀವಾಗಿಯೇ ಮಾತ್ರೆ ಬಿಡುವಂತಿಲ್ಲ.

ಸ್ಕ್ಯಾನ್ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ. ಆ ದಿನಕ್ಕಷ್ಟೇ ಅಲ್ಲ, ರಿಪೋರ್ಟ್ ಬರುವ ದಿನಕ್ಕೂ ಮೊದಲೇ ರಜೆ ಹಾಕಿಡಿ. ಅವತ್ತು ಮೀಟಿಂಗ್‌ನಲ್ಲಿ ಕೂತರೂ ಕೆಲಸ ಕೆಡುವುದೇ ಹೆಚ್ಚು.